ಕಾರು ಬಿಸಿಯೇರುವುದು ಯಾವಾಗ? ಎಂಜಿನ್ ಕೂಲಿಂಗ್ ದೋಷಗಳನ್ನು ಹಂತ ಹಂತವಾಗಿ ಪತ್ತೆಹಚ್ಚುವ ಬಗೆ

ಮಂಗಳೂರಿನ ಕಡೆಯಿಂದ ಬೆಂಗಳೂರಿಗೆ ಹೊರಟ ಕಾರುಗಳಿಗೆ ಗುಂಡ್ಯ ದಾಟಿದ ಮೇಲೆ ಶಿರಾಡಿ ಘಾಟಿಯ ಏರು ಎದುರಾಗುತ್ತದೆ. ಅಲ್ಲಿಯವರೆಗೆ ಯಾವ ತಕರಾರೂ ಇಲ್ಲದೆ ಓಡಿದ ಗಾಡಿ, ಭಾರದ ಲಾರಿಗಳ ಹಿಂದೆ ಸಣ್ಣ ಗೇರಿನಲ್ಲಿ ತೆವಳುತ್ತಾ ಏರುವಾಗ ಮೀಟರಿನ ಮುಳ್ಳು ಕೆಂಪು ಗೆರೆಯತ್ತ ಸರಿಯತೊಡಗುತ್ತದೆ. ರಸ್ತೆಯ ಬದಿಯಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಕಾರು, ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತ ಮನೆಮಂದಿ ಬೇಸಿಗೆಯ ಘಾಟಿಯಲ್ಲಿ ಅಪರೂಪದ ನೋಟವೇನಲ್ಲ. ಅಲ್ಲೊಂದು ಬಾಟಲಿ, ಸಕಲೇಶಪುರದಲ್ಲಿ ಇನ್ನೊಂದು ಬಾಟಲಿ ನೀರು ಸುರಿದು ಹೇಗೋ ಊರು ಸೇರಿದವರು, ನೀರು ಕಡಿಮೆಯಾಗಿತ್ತು, ತುಂಬಿಸಿದೆವು, ಸರಿಹೋಯಿತು ಎನ್ನುತ್ತಾರೆ. ಆದರೆ ಎಂಜಿನ್ನನ್ನು ತಣಿಸುವ ದ್ರವವಾದ ಕೂಲೆಂಟ್ ಎಂಬುದು ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರಬೇಕಾದ ಅದು ಕಡಿಮೆಯಾಗಿದೆ ಎಂದರೆ ಎಲ್ಲಿಂದಲೋ ಹೊರಗೆ ಹೋಗಿದೆ, ಇಲ್ಲವೇ ಎಂಜಿನ್ನಿನ ಒಳಗೇ ಹೋಗಬಾರದ ಜಾಗಕ್ಕೆ ಹೋಗಿದೆ.

ಗಾಡಿ ಹೀಟ್ ಆಗುತ್ತಿದೆ ಎಂದ ಕೂಡಲೇ ಒಂದೊಂದೇ ಭಾಗವನ್ನು ಬದಲಿಸುತ್ತಾ ಹೋಗುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ನನ್ನ ಹಳೆಯ ಪೆಟ್ರೋಲ್ ಕಾರಿಗೆ ಒಂದೇ ಬೇಸಿಗೆಯಲ್ಲಿ ರೇಡಿಯೇಟರನ್ನೂ ವಾಟರ್ ಪಂಪನ್ನೂ ಹೊಸದಾಗಿ ಹಾಕಿಸಿದ ಮೇಲೂ ತೊಂದರೆ ನಿಲ್ಲಲಿಲ್ಲ; ಕೊನೆಗೆ ಸಿಕ್ಕ ದೋಷವೆಂದರೆ ಫ್ಯಾನಿನ ಕನೆಕ್ಟರಿನೊಳಗೆ ಕರಕಲಾಗಿದ್ದ ಒಂದು ಪಿನ್ನು. ಆ ಕಾರು ಸಿಗ್ನಲಿನಲ್ಲಿ ನಿಂತಾಗ ಮಾತ್ರ ಬಿಸಿಯಾಗುತ್ತಿತ್ತು, ಹೆದ್ದಾರಿಯಲ್ಲಿ ತಣ್ಣಗಿರುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಜಿನ್ ಯಾವಾಗ ಬಿಸಿಯೇರುತ್ತದೆ ಎಂಬ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಸ್ಪಾನರ್ ಹಿಡಿಯುವ ಮೊದಲೇ ಮುಗಿದಿರುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ.

ದಾರಿಯಲ್ಲಿ ಮುಳ್ಳು ಏರತೊಡಗಿದಾಗ

ಮುಳ್ಳು ಎಂದಿನ ಜಾಗ ಬಿಟ್ಟು ಮೇಲೇರುತ್ತಿದ್ದರೆ ಮೊದಲು ಏಸಿ ಆರಿಸಿ. ಬಳಿಕ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರನ್ನು ಗರಿಷ್ಠ ವೇಗಕ್ಕಿಟ್ಟು ಕಿಟಕಿಗಳನ್ನು ಇಳಿಸಿ. ಸೆಕೆಯಲ್ಲಿ ಇದು ಶಿಕ್ಷೆಯಂತೆ ಅನ್ನಿಸಿದರೂ, ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಒಂದು ಪುಟ್ಟ ರೇಡಿಯೇಟರೇ ಆಗಿರುವುದರಿಂದ ಎಂಜಿನ್ನಿನ ಒಂದಿಷ್ಟು ಶಾಖವನ್ನು ಅದು ಹೊರತೆಗೆಯುತ್ತದೆ. ಮುಳ್ಳು ಕೆಂಪನ್ನು ಮುಟ್ಟಿದರೆ, ಕೆಂಪು ದೀಪ ಹೊತ್ತಿಕೊಂಡರೆ ಅಥವಾ ಬಾನೆಟ್ಟಿನ ಸಂದಿಯಿಂದ ಹಬೆ ಬಂದರೆ ಮುಂದಿನ ಊರಿನವರೆಗೆ ಹೋಗಿಬಿಡೋಣ ಎಂಬ ಲೆಕ್ಕಾಚಾರ ಬೇಡ. ಸುರಕ್ಷಿತವಾದ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಎಂಜಿನ್ ಆರಿಸಿ. ಎಂಜಿನ್ನಿನ ಮೇಲ್ಭಾಗವನ್ನು ಮುಚ್ಚುವ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಲು ಕೆಲವೇ ನಿಮಿಷಗಳ ಅತಿಯಾದ ಬಿಸಿ ಸಾಕು, ಮತ್ತು ಮುಂದಿನ ದೊಡ್ಡ ಖರ್ಚೆಲ್ಲ ಆ ನಿಮಿಷಗಳಲ್ಲಿಯೇ ಹುಟ್ಟುತ್ತದೆ.

ಇಲ್ಲೊಂದು ಮೋಸವಿದೆ. ಏರುತ್ತಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಎಂಜಿನ್ ತಣಿಯಿತೆಂದು ಸಮಾಧಾನಪಡಬಾರದು. ಶಾಖವನ್ನು ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ಕೂಲೆಂಟ್ ಪೂರ್ತಿ ಸೋರಿಹೋಗಿ ಸೆನ್ಸರಿನ ಸುತ್ತ ಬರಿಯ ಗಾಳಿ ಉಳಿದಾಗ ಒಳಗೆ ಲೋಹ ಕಾದು ಕೆಂಡವಾಗುತ್ತಿದ್ದರೂ ಮುಳ್ಳು ತಣ್ಣಗಿದೆ ಎಂದೇ ತೋರಿಸಬಹುದು. ಅದೇ ಹೊತ್ತಿನಲ್ಲಿ ಹೀಟರಿನಿಂದ ಬಿಸಿಗಾಳಿಯ ಬದಲು ತಣ್ಣನೆಯ ಗಾಳಿ ಬರತೊಡಗಿದರೆ ಹೀಟರ್ ಕೋರಿನಲ್ಲೂ ದ್ರವವಿಲ್ಲವೆಂದು ತಿಳಿದು ಎಂಜಿನ್ ಆರಿಸಿ.

ಬಾನೆಟ್ ಎತ್ತಿದ ಮೇಲೂ ರೇಡಿಯೇಟರಿನ ಅಥವಾ ಒತ್ತಡದ ಡಬ್ಬಿಯ ಮುಚ್ಚಳವನ್ನು ಮುಟ್ಟಬೇಡಿ. ಒತ್ತಡದ ಬಲದಿಂದ ಮಾತ್ರ ಕುದಿಯದೆ ನಿಂತಿರುವ 110 ಡಿಗ್ರಿ ಸೆಲ್ಸಿಯಸ್ಸಿನ ದ್ರವ, ಮುಚ್ಚಳ ಸಡಿಲವಾದ ಮರುಕ್ಷಣವೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಕಡಿಮೆಯೆಂದರೂ ಮುಕ್ಕಾಲು ಗಂಟೆ ಕಾದು, ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಒತ್ತಿದಾಗ ಅದು ಮೆತ್ತಗಾಗಿದ್ದರೆ, ದಪ್ಪ ಬಟ್ಟೆಯನ್ನು ಮುಚ್ಚಳದ ಮೇಲೆ ಹೊದಿಸಿ, ಮುಖವನ್ನು ದೂರವಿಟ್ಟು, ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ ಉಳಿದ ಒತ್ತಡ ಹೋಗುವವರೆಗೆ ಕಾಯಬೇಕು. ಕೀಲಿ ತೆಗೆದ ಮೇಲೂ ಎಲೆಕ್ಟ್ರಿಕ್ ಫ್ಯಾನ್ ತಾನಾಗಿಯೇ ತಿರುಗತೊಡಗುವ ಕಾರುಗಳಿವೆ; ಬೆರಳು, ಸೆರಗು, ದುಪಟ್ಟಾ ಅದರ ಹತ್ತಿರ ಹೋಗದಿರಲಿ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಎರಚುವುದೂ, ಬರಿದಾದ ಬಿಸಿ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿಯುವುದೂ ಲೋಹ ಬಿರಿಯಲು ಕಾರಣವಾಗುತ್ತವೆ.

ಒಳಗೆ ನಡೆಯುವುದೇನು

ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಕೂಲೆಂಟಿನ ಮೂಲಕವೇ ಹೊರಹೋಗಬೇಕು. ವಾಟರ್ ಪಂಪ್ ದ್ರವವನ್ನು ಸುತ್ತಿಸುತ್ತದೆ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ ಮುಚ್ಚಿಕೊಂಡು ರೇಡಿಯೇಟರಿಗೆ ಹೋಗುವ ದಾರಿಯನ್ನು ತಡೆಯುತ್ತದೆ. ದ್ರವದ ಬಿಸಿ 82 ಅಥವಾ 88 ಡಿಗ್ರಿಯ ಆಸುಪಾಸಿಗೆ ಬಂದಾಗ ಅದು ತೆರೆದುಕೊಳ್ಳುತ್ತದೆ. ಗಾಡಿ ಓಡುವಾಗ ಎದುರುಗಾಳಿಯೂ, ನಿಂತಾಗ ಫ್ಯಾನೂ ರೇಡಿಯೇಟರಿನ ಶಾಖವನ್ನು ಒಯ್ಯುತ್ತವೆ. ಮುಚ್ಚಳ ಸುಮಾರು 1 ಬಾರ್ ಒತ್ತಡವನ್ನು ಒಳಗೆ ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲೆತ್ತುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ, ಆದರೆ ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದ ಕೂಲೆಂಟ್ ಗಟ್ಟಿಯಾದ ಮುಚ್ಚಳದಡಿ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬರಿ ನೀರು ತುಂಬಿಸಿ, ಸಡಿಲ ಮುಚ್ಚಳ ಹಾಕಿ ಓಡಿಸುವವರು ಕಳೆದುಕೊಳ್ಳುವುದು ಈ 20–25 ಡಿಗ್ರಿಗಳ ಅಂತರವನ್ನೇ.

ಯಾವಾಗ ಎಂಬ ಪ್ರಶ್ನೆ

ಎರಡು ಮೂರು ದಿನ ಗಮನಿಸಿ ಬರೆದಿಡಿ. ಡ್ಯಾಶ್‌ಬೋರ್ಡಿನ ಮುಳ್ಳನ್ನೇ ನಂಬಬೇಡಿ. ಹಲವು ಕಾರುಗಳಲ್ಲಿ ಚಾಲಕ ಗಾಬರಿಯಾಗದಿರಲೆಂದು 75ರಿಂದ 105 ಡಿಗ್ರಿಯವರೆಗೂ ಅದನ್ನು ನಡುಮಧ್ಯದಲ್ಲೇ ನಿಲ್ಲಿಸುವಂತೆ ಮಾಡಿರುತ್ತಾರೆ. ಹಲವು ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ತಣ್ಣಗಿದ್ದರೆ ನೀಲಿ ದೀಪ, ಅತಿ ಬಿಸಿಯಾದರೆ ಕೆಂಪು ದೀಪ ಅಷ್ಟೇ. ಕಾರಿನ ಕಂಪ್ಯೂಟರಿನ ಮಾಹಿತಿ ಓದಲೆಂದು ಸ್ಟಿಯರಿಂಗಿನ ಕೆಳಗಿರುವ ಓಬಿಡಿ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಒಂದನ್ನು ಕೊಂಡು ಮೊಬೈಲಿನಲ್ಲಿ ಕೂಲೆಂಟಿನ ನಿಜವಾದ ಡಿಗ್ರಿಯನ್ನು ನೋಡುವುದು ಈ ಕೆಲಸದಲ್ಲಿ ನೀವು ಮಾಡಬಹುದಾದ ಅತ್ಯಂತ ಲಾಭದ ಖರ್ಚು ಎಂಬುದು ನನ್ನ ಅನುಭವ. ಆರೋಗ್ಯವಾಗಿರುವ ಎಂಜಿನ್ ಸಾಮಾನ್ಯವಾಗಿ 85ರಿಂದ 105ರ ನಡುವೆ ಇರುತ್ತದೆ.

ನಿಂತಾಗ ಅಥವಾ ಟ್ರಾಫಿಕ್ಕಿನಲ್ಲಿ ತೆವಳುವಾಗ ಬಿಸಿಯೇರಿ, ವೇಗವಾಗಿ ಓಡಿದ ಕೂಡಲೇ ಇಳಿದರೆ ದ್ರವ ಸರಿಯಾಗಿ ಸುತ್ತುತ್ತಿದೆ, ಗಾಳಿ ಮಾತ್ರ ಸಾಲುತ್ತಿಲ್ಲ. ಆಗ ಫ್ಯಾನಿನ ಕಡೆಗೆ ಹೋಗಿ. ಸಿಗ್ನಲಿನಲ್ಲಿ ತಣ್ಣಗಿದ್ದು ಘಾಟಿಯಲ್ಲಿ ಅಥವಾ ಹೆದ್ದಾರಿಯ ವೇಗದಲ್ಲಿ ಬಿಸಿಯಾದರೆ ಫ್ಯಾನ್ ನಿರಪರಾಧಿ. ರೇಡಿಯೇಟರ್ ಕಟ್ಟಿಕೊಂಡಿರುವುದು, ಥರ್ಮೋಸ್ಟಾಟ್ ಅರ್ಧ ಮಾತ್ರ ತೆರೆಯುವುದು, ಪಂಪಿನ ರೆಕ್ಕೆ ಸವೆದಿರುವುದು, ಕೆಳಗಿನ ಹೋಸ್ ವೇಗದಲ್ಲಿ ಒಳಕ್ಕೆ ಕುಗ್ಗಿ ಚಪ್ಪಟೆಯಾಗುವುದು, ಇಲ್ಲವೇ ಸಿಲಿಂಡರ್ ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ಟಿನ ಆರಂಭದ ಸೋರಿಕೆಯನ್ನು ಅನುಮಾನಿಸಬೇಕು. ಬೆಳಗ್ಗೆ ಸ್ಟಾರ್ಟ್ ಮಾಡಿದ ಹತ್ತು ನಿಮಿಷದೊಳಗೇ ಕೆಂಪಿಗೆ ಹೋದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಹಾಕಿಕೊಂಡಿರಬೇಕು ಅಥವಾ ದ್ರವವೇ ಇಲ್ಲದಿರಬೇಕು. ಮುಳ್ಳು ಏರುತ್ತಾ ಇಳಿಯುತ್ತಾ ತೂಗಾಡಿದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಬಿಸಿಯ ಜೊತೆಗೇ ಬ್ಯಾಟರಿಯ ದೀಪವೂ ಹೊತ್ತಿಕೊಂಡರೆ ಆಲ್ಟರ್ನೇಟರನ್ನೂ ಪಂಪನ್ನೂ ತಿರುಗಿಸುವ ಬೆಲ್ಟು ಕಡಿದಿರಬಹುದು, ಆಗ ಒಂದು ಕಿಲೋಮೀಟರೂ ಓಡಿಸುವಂತಿಲ್ಲ.

ಹೆಜ್ಜೆ 1: ಮಟ್ಟವೂ ಸೋರಿಕೆಯೂ

ರಾತ್ರಿಯಿಡೀ ನಿಂತ, ಪೂರ್ತಿ ತಣ್ಣಗಾದ ಎಂಜಿನ್ನಿನಿಂದಲೇ ಆರಂಭಿಸಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ದ್ರವ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವೆ ಇರಬೇಕು. ರೇಡಿಯೇಟರಿಗೆ ಪ್ರತ್ಯೇಕ ಮುಚ್ಚಳವಿರುವ ಕಾರಾದರೆ ಅದನ್ನೂ ತೆರೆದು ನೋಡಿ. ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿಯಿರುವುದು ಆಗಾಗ ಕಂಡುಬರುವ ಸಂಗತಿ. ಹಿಂದಿನ ರಾತ್ರಿ ಕಾರಿನ ಕೆಳಗೆ ದೊಡ್ಡ ರಟ್ಟೊಂದನ್ನು ಹಾಸಿಟ್ಟಿದ್ದರೆ ಸೋರಿದ ಹನಿ ಯಾವ ಭಾಗದ ಕೆಳಗೆ ಬಿದ್ದಿದೆ ಎಂಬುದು ತಾನಾಗಿ ತಿಳಿಯುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಬಣ್ಣವೂ ವಾಸನೆಯೂ ಇರುವುದಿಲ್ಲ, ಕೂಲೆಂಟಿಗೆ ಬಣ್ಣವಿದೆ, ಬೆರಳಿಗೆ ಜಾರುತ್ತದೆ, ಸಿಹಿಯಾದ ವಾಸನೆ ಇದೆ. ರುಚಿಯೂ ಸಿಹಿಯೇ, ವಿಷವೂ ಹೌದು. ನಾಯಿ, ಬೆಕ್ಕು, ಮಕ್ಕಳು ಓಡಾಡುವ ಅಂಗಳದಲ್ಲಿ ಚೆಲ್ಲಿದ್ದನ್ನು ಕೂಡಲೇ ನೀರು ಹಾಕಿ ಒರೆಸಿ ತೆಗೆಯಬೇಕು.

ಹನಿ ಕಾಣದಿದ್ದರೆ ಒಣಗಿದ ಗುರುತನ್ನು ಹುಡುಕಿ. ಸೋರಿದ ಕೂಲೆಂಟ್ ಬಿಸಿಗೆ ಆರಿ ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಹಕ್ಕಳೆಯಾಗಿ ಅಂಟಿಕೊಂಡಿರುತ್ತದೆ. ಹೋಸುಗಳ ತುದಿ, ಕ್ಲ್ಯಾಂಪುಗಳ ಸುತ್ತ, ಪಂಪಿನ ಕೆಳಗಿನ ಸಣ್ಣ ತೂತು, ರೇಡಿಯೇಟರಿನ ಅಲ್ಯೂಮಿನಿಯಂ ಜಾಲರಿಯೂ ಅದರ ಅಕ್ಕಪಕ್ಕದ ಪ್ಲಾಸ್ಟಿಕ್ ಟ್ಯಾಂಕೂ ಕೂಡುವ ಅಂಚು, ಇವೆಲ್ಲವನ್ನೂ ಟಾರ್ಚು ಹಿಡಿದು ನೋಡಬೇಕು. ಹೋಸುಗಳನ್ನು ಹಿಸುಕಿ ನೋಡಿ: ಅತಿ ಮೆತ್ತಗಾಗಿದ್ದರೂ, ಹಿಸುಕಿದಾಗ ಒಳಗೆ ಚರಚರ ಎಂದರೂ, ತುದಿಯಲ್ಲಿ ಬಿರುಕು ಕಂಡರೂ ಬದಲಿಸುವುದೇ ಲೇಸು. ಪಕ್ಕದ ಸೀಟಿನವರ ಕಾಲಡಿಯ ಮ್ಯಾಟ್ ಒದ್ದೆಯಾಗಿ, ಮುಂದಿನ ಗಾಜಿನ ಒಳಮೈಗೆ ಜಿಗುಟು ಮಂಜು ಕಟ್ಟುತ್ತಿದ್ದರೆ ಹೀಟರ್ ಕೋರ್ ಸೋರುತ್ತಿದೆ. ಇಷ್ಟಾದರೂ ಸಿಗದ ಸೋರಿಕೆಗೆ ಗ್ಯಾರೇಜಿನ ಪ್ರೆಷರ್ ಟೆಸ್ಟರ್ ಬೇಕು: ಮುಚ್ಚಳದ ಜಾಗಕ್ಕೆ ಅದನ್ನು ಕೂರಿಸಿ, ಮುಚ್ಚಳದ ಮೇಲೆ ಅಚ್ಚಾಗಿರುವಷ್ಟೇ ಒತ್ತಡವನ್ನು ಕೈಪಂಪಿನಿಂದ ತುಂಬಿ ಕಾಲು ಗಂಟೆ ಕಾದಾಗ ಮುಳ್ಳು ಇಳಿದರೆ ಸೋರಿಕೆ ಇದೆ ಎಂದೇ ಅರ್ಥ.

ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಲಾರಿ ಚಾಲಕರ ಉಪಾಯ ಹಲವರಿಗೆ ಗೊತ್ತು. ಅಂಗಡಿಯಲ್ಲಿ ಸಿಗುವ ಲೀಕ್ ತಡೆಯುವ ಪುಡಿಯೂ ಅದೇ ಜಾತಿಯದು. ಕಾಡಿನ ನಡುವೆ ಸಿಕ್ಕಿಕೊಂಡಾಗ ಊರು ಮುಟ್ಟಿಸಲು ಅದು ನೆರವಾಗಬಹುದು, ನಾನು ಹಳಿಯುವುದಿಲ್ಲ. ಆದರೆ ತೂತು ಮುಚ್ಚುವ ಪುಡಿಗೆ ಯಾವ ತೂತು ಬೇಕಾದದ್ದು, ಯಾವುದು ಬೇಡವಾದದ್ದು ಎಂಬ ವಿವೇಕವಿಲ್ಲ; ರೇಡಿಯೇಟರಿನ ತೆಳು ನಾಳಗಳನ್ನೂ ಹೀಟರ್ ಕೋರನ್ನೂ ಅದು ಅಷ್ಟೇ ನಿಷ್ಠೆಯಿಂದ ಮುಚ್ಚುತ್ತದೆ.

ಹೆಜ್ಜೆ 2: ಮುಚ್ಚಳ

ಅತಿ ಅಗ್ಗದ ಭಾಗವಾದ್ದರಿಂದಲೇ ಇದನ್ನು ಯಾರೂ ನೋಡುವುದಿಲ್ಲ. ರಬ್ಬರ್ ಸೀಲು ಗಟ್ಟಿಯಾಗಿದೆಯೇ, ಬಿರಿದಿದೆಯೇ, ಸ್ಪ್ರಿಂಗು ತುಕ್ಕು ಹಿಡಿದಿದೆಯೇ ನೋಡಿ. ನಡುವಿನ ಪುಟ್ಟ ಕವಾಟ ಎಂಜಿನ್ ತಣಿಯುವಾಗ ಡಬ್ಬಿಯ ದ್ರವವನ್ನು ಒಳಗೆ ಎಳೆದುಕೊಳ್ಳಲು ಬಿಡಬೇಕು. ಅದು ಅಂಟಿಕೊಂಡಿದ್ದರೆ ತಣಿದ ಮೇಲೆ ಮೇಲಿನ ಹೋಸ್ ಒಣಗಿದ ಬಾಳೆದಿಂಡಿನಂತೆ ಒಳಕ್ಕೆ ಕುಗ್ಗಿರುತ್ತದೆ. ಹೊಸದನ್ನು ಕೊಳ್ಳುವಾಗ ಹಳೆಯದರ ಮೇಲಿನ ಒತ್ತಡದ ಅಂಕಿಯನ್ನೇ ಹೊಂದಿಸಬೇಕು. ಹೆಚ್ಚಿನ ಅಂಕಿಯದನ್ನು ಹಾಕಿದರೆ ಹಳೆಯ ಹೋಸು, ಪ್ಲಾಸ್ಟಿಕ್ ಟ್ಯಾಂಕುಗಳು ಬಾಯಿಬಿಡುತ್ತವೆ.

ಹೆಜ್ಜೆ 3: ಫ್ಯಾನು

ಎಂಜಿನ್ ಸ್ಟಾರ್ಟ್ ಮಾಡಿ ಏಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಕಂಪ್ರೆಸರ್ ಹಿಡಿದುಕೊಂಡ ಸ್ವಲ್ಪ ಹೊತ್ತಿನಲ್ಲೇ ರೇಡಿಯೇಟರಿನ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಕ್ರಮವಾಗಿ ನಾಲ್ಕು ಜಾಗಗಳನ್ನು ನೋಡಬೇಕು. ಮೊದಲು ಫ್ಯೂಸು. ಅದು ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಹಾಕಿ, ಮತ್ತೆ ಸುಟ್ಟರೆ ಫ್ಯಾನ್ ಮೋಟಾರು ಬಿಗಿಯಾಗಿದೆ ಅಥವಾ ತಂತಿ ಎಲ್ಲೋ ಕಾರಿನ ಲೋಹದ ಮೈಗೆ ತಾಗುತ್ತಿದೆ. ಹಟಕ್ಕೆ ಬಿದ್ದು ದೊಡ್ಡ ಫ್ಯೂಸು ಹಾಕಿದರೆ ತಂತಿಯೇ ಉರಿದೀತು. ಎರಡನೆಯದು ಫ್ಯಾನಿಗೆ ವಿದ್ಯುತ್ತು ಹಾಯಿಸುವ ಸ್ವಿಚ್ಚಾದ ರಿಲೇ. ಅದೇ ಪೆಟ್ಟಿಗೆಯಲ್ಲಿ ಅದೇ ನಮೂನೆಯ ಹಾರನ್ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡುವುದಕ್ಕಿಂತ ಸುಲಭದ ಪರೀಕ್ಷೆಯಿಲ್ಲ. ಮೂರನೆಯದಾಗಿ ಫ್ಯಾನಿನ ಕನೆಕ್ಟರ್ ಬಿಚ್ಚಿ, ಫ್ಯೂಸು ಜೋಡಿಸಿದ ತಂತಿಯ ಮೂಲಕ ಬ್ಯಾಟರಿಯ 12 ವೋಲ್ಟನ್ನು ನೇರವಾಗಿ ಮೋಟಾರಿಗೆ ಕೊಡಿ. ಆಗಲೂ ತಿರುಗದಿದ್ದರೆ ಮೋಟಾರು ಹೋಗಿದೆ. ತಿರುಗಿದರೆ ದೋಷ ತಂತಿಯಲ್ಲಿ, ಕನೆಕ್ಟರಿನಲ್ಲಿ ಅಥವಾ ಅದಕ್ಕೆ ಆಜ್ಞೆ ಕೊಡುವ ಸೆನ್ಸರಿನಲ್ಲಿದೆ. ನಾಲ್ಕನೆಯದಾಗಿ, ಬಿಚ್ಚಿದ ಕನೆಕ್ಟರಿನ ಒಳಗನ್ನು ಬೆಳಕಿನಲ್ಲಿ ನೋಡಿ. ಹತ್ತಿಪ್ಪತ್ತು ಆಂಪಿಯರ್ ಹರಿಯುವ ಜಾಗವಾದ್ದರಿಂದ ಸಡಿಲವಾದ ಪಿನ್ನು ಕಾದು ಪ್ಲಾಸ್ಟಿಕ್ಕನ್ನು ಕಂದಾಗಿಸಿರುತ್ತದೆ. ಮಲೆನಾಡಿನಲ್ಲೂ ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೂ ಇಲಿಗಳು ತಂತಿ ಕಡಿಯುವುದು ಮಾಮೂಲಿ, ಅದನ್ನೂ ಮರೆಯಬೇಡಿ.

ಎರಡು ವೇಗಗಳ ಫ್ಯಾನಿರುವ ಕಾರುಗಳಲ್ಲಿ ನಿಧಾನದ ವೇಗಕ್ಕಿರುವ ರೆಸಿಸ್ಟರ್ ಮಾತ್ರ ಸುಟ್ಟುಹೋದಾಗ ಗೊಂದಲವಾಗುತ್ತದೆ: ಬಿಸಿ ಎಂದಿಗಿಂತ ಮೇಲೇರುತ್ತದೆ, ಆಮೇಲೆ ಫ್ಯಾನ್ ಒಮ್ಮೆಲೇ ಜೋರಾಗಿ ಗುಂಯ್‌ಗುಟ್ಟಿ ಇಳಿಸುತ್ತದೆ. ಫ್ಯಾನ್ ತಿರುಗಿತು ಎಂದು ನೋಡಿದವರು ಇದನ್ನು ಬಿಟ್ಟುಬಿಡುತ್ತಾರೆ. ಉದ್ದುದ್ದಕ್ಕೆ ಎಂಜಿನ್ ಕೂರಿಸಿದ ಹಳೆಯ ಜೀಪು ಮಾದರಿಯ ಡೀಸೆಲ್ ಗಾಡಿಗಳಲ್ಲಿ ಬೆಲ್ಟಿನಿಂದ ತಿರುಗುವ, ನಡುವೆ ಬಿಸಿಯಾದಾಗ ಫ್ಯಾನನ್ನು ಹಿಡಿದು ತಿರುಗಿಸುವ ವಿಸ್ಕಸ್ ಕ್ಲಚ್ ಇರುವ ಫ್ಯಾನಿರುತ್ತದೆ. ಬಿಸಿಯಾದ ಎಂಜಿನ್ ಆರಿಸಿದ ಮೇಲೆ ಕೈಯಿಂದ ತಿರುಗಿಸಿದಾಗ ಅದು ತಡೆಯೇ ಇಲ್ಲದೆ ಗಿರಗಿರನೆ ಸುತ್ತಿದರೆ ಕ್ಲಚ್ ಸತ್ತಿದೆ.

ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಒಂದು ಉಪಾಯ. ಕಂಪ್ಯೂಟರ್ ನಿಯಂತ್ರಣದ ಹಲವು ಕಾರುಗಳಲ್ಲಿ ಕೂಲೆಂಟ್ ಸೆನ್ಸರಿನ ಕನೆಕ್ಟರನ್ನು ಬಿಚ್ಚಿಬಿಟ್ಟರೆ, ಬಿಸಿ ಎಷ್ಟೆಂದು ತಿಳಿಯದ ಕಂಪ್ಯೂಟರ್ ಮುನ್ನೆಚ್ಚರಿಕೆಯಾಗಿ ಫ್ಯಾನನ್ನು ನಿರಂತರ ಓಡಿಸುತ್ತದೆ. ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ, ಪಿ0118 ಎಂಬ ಕೋಡ್ ದಾಖಲಾಗುತ್ತದೆ, ಮುಳ್ಳೂ ನಂಬಿಕೆಗೆ ಬಾರದು. ಗ್ಯಾರೇಜು ಮುಟ್ಟಿದ ಮೇಲೆ ಮರುಜೋಡಿಸಿದರಾಯಿತು. ಈ ಉಪಾಯದಿಂದ ಫ್ಯಾನ್ ತಿರುಗಿದರೆ ಮೋಟಾರು, ರಿಲೇ, ತಂತಿ ಎಲ್ಲ ಸರಿಯಾಗಿವೆ, ಸೆನ್ಸರನ್ನೇ ಅನುಮಾನಿಸಬೇಕು ಎಂಬುದೂ ಜೊತೆಯಲ್ಲೇ ತಿಳಿಯುತ್ತದೆ.

ಹೆಜ್ಜೆ 4: ಥರ್ಮೋಸ್ಟಾಟ್

ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಹೋಸನ್ನು ಆಗಾಗ ಮುಟ್ಟಿ ನೋಡುತ್ತಿರಿ. ಬಹಳ ಹೊತ್ತು ತಣ್ಣಗೇ ಇದ್ದು, ಓಬಿಡಿಯಲ್ಲಿ 85–90 ಡಿಗ್ರಿ ಕಾಣುವ ಹೊತ್ತಿಗೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ. ಬಿಸಿ 100 ದಾಟಿದರೂ ಹೋಸ್ ತಣ್ಣಗಿದ್ದರೆ ಅದು ಮುಚ್ಚಿಕೊಂಡೇ ಕುಳಿತಿದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸಿನ ಬಾಯಲ್ಲಿರುತ್ತದೆ, ಅಂಥವುಗಳಲ್ಲಿ ಕೆಳಗಿನ ಹೋಸನ್ನು ಗಮನಿಸಬೇಕು. ಇದಕ್ಕೆ ವಿರುದ್ಧವಾದ ದೋಷವೂ ಉಂಟು: ಸ್ಟಾರ್ಟ್ ಮಾಡಿದ ಮೊದಲ ನಿಮಿಷದಿಂದಲೇ ಹೋಸ್ ಉಗುರುಬೆಚ್ಚಗಾಗುತ್ತಾ ಹೋಗಿ, ಹೆದ್ದಾರಿಯಲ್ಲಿ ಬಿಸಿ 70ರ ಮೇಲೆ ಏರದೆ, ಮೈಲೇಜ್ ಇಳಿದು, ಪಿ0128 ಕೋಡ್ ಬಂದರೆ ಅದು ತೆರೆದೇ ಸಿಕ್ಕಿಕೊಂಡಿದೆ.

ಬಿಚ್ಚಿದ ಥರ್ಮೋಸ್ಟಾಟನ್ನು ಮನೆಯಲ್ಲೇ ಪರೀಕ್ಷಿಸಬಹುದು. ದಾರ ಕಟ್ಟಿ ಪಾತ್ರೆಯ ತಳಕ್ಕೆ ತಾಗದಂತೆ ನೀರಿನಲ್ಲಿ ತೂಗುಬಿಟ್ಟು, ಜೊತೆಗೆ ಥರ್ಮಾಮೀಟರನ್ನೂ ಇಳಿಸಿ ಒಲೆಯ ಮೇಲಿಡಿ. ಅದರ ಮೈಮೇಲೆ ಅಚ್ಚಾದ ಅಂಕಿಯ ಹತ್ತಿರ ಕವಾಟ ಬಾಯಿಬಿಡಲು ಆರಂಭಿಸಬೇಕು. ಪೂರ್ತಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. ಬೆಂಗಳೂರಿನ ಅಡುಗೆಮನೆಯಲ್ಲಿ ನೀರು 97ಕ್ಕೇ ಕುದಿದುಬಿಡುವುದರಿಂದ 88 ಡಿಗ್ರಿಯ ಥರ್ಮೋಸ್ಟಾಟ್ ಅಲ್ಲಿ ಪೂರ್ತಿ ತೆರೆಯದಿದ್ದರೆ ಕೆಟ್ಟಿದೆಯೆಂದು ಎಸೆಯಬೇಡಿ. ಮರಳಿ ಕೂರಿಸುವಾಗ ಅಂಚಿನಲ್ಲಿ ಅಲುಗಾಡುವ ಪುಟ್ಟ ಪಿನ್ನಿದ್ದರೆ ಅದು ಮೇಲಕ್ಕೆ ಬರುವಂತಿರಲಿ, ಗಾಳಿ ಹೊರಹೋಗುವ ದಾರಿ ಅದೇ.

ನಮ್ಮದು ಬಿಸಿಯೂರು, ಇದೇಕೆ ಬೇಕು ಎಂದು ಥರ್ಮೋಸ್ಟಾಟನ್ನು ಕಿತ್ತೇ ಹಾಕುವ ಮೆಕ್ಯಾನಿಕ್‌ಗಳು ಇಂದಿಗೂ ಇದ್ದಾರೆ. ರಾಯಚೂರು, ಕಲಬುರಗಿಯ 40 ಡಿಗ್ರಿಯ ಬಿಸಿಲಿನಲ್ಲೂ ಇದು ತಪ್ಪು ಸಲಹೆ. ಎಂಜಿನ್ ಕಾಯುವುದು ತಡವಾದಷ್ಟೂ ಕಂಪ್ಯೂಟರ್ ಹೆಚ್ಚು ಇಂಧನ ಸುರಿಯುತ್ತದೆ, ಆಯಿಲ್ಲಿನಲ್ಲಿ ಸೇರಿದ ತೇವ ಆವಿಯಾಗದೆ ಕೆಸರು ಕಟ್ಟುತ್ತದೆ. ಇದಕ್ಕಿಂತ ವಿಚಿತ್ರವೆಂದರೆ, ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿ ಮುಚ್ಚುವಂತೆ ರಚಿಸಿದ ಎಂಜಿನ್ನುಗಳಲ್ಲಿ ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ, ಅರ್ಧ ದ್ರವ ರೇಡಿಯೇಟರಿನ ಮುಖವನ್ನೇ ನೋಡದೆ ಮರಳುತ್ತದೆ, ಘಾಟಿಯಲ್ಲಿ ಎಂಜಿನ್ ಮೊದಲಿಗಿಂತ ಹೆಚ್ಚು ಕಾಯುತ್ತದೆ.

ಹೆಜ್ಜೆ 5: ರೇಡಿಯೇಟರ್

ಹೊರಗಿನಿಂದ ಕಟ್ಟಿಕೊಳ್ಳುವುದು ಬೇರೆ, ಒಳಗಿನಿಂದ ಕಟ್ಟಿಕೊಳ್ಳುವುದು ಬೇರೆ. ಏಸಿಯ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಬೆರಳಗಲದ ಸಂದಿಯಲ್ಲಿ ಹುಳು, ಧೂಳು, ರಸ್ತೆಯ ಮೇಲೆ ಒಕ್ಕಲಿಗೆ ಹಾಸಿದ ಹುರುಳಿ, ರಾಗಿಯ ಹೊಟ್ಟು ಸೇರಿ ಕಂಬಳಿಯಂತಾಗಿರುತ್ತದೆ. ಮುಂದಿನಿಂದ ನೋಡಿದವರಿಗೆ ಎಲ್ಲವೂ ಸ್ವಚ್ಛವಾಗಿಯೇ ಕಾಣುತ್ತದೆ. ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ ಸಾಧಾರಣ ಒತ್ತಡದ ನೀರು ಹಾಯಿಸಿ ತೊಳೆಯಬೇಕು. ಕಾರ್ ವಾಶ್‌ನ ಹೆಚ್ಚು ಒತ್ತಡದ ಗನ್ನನ್ನು ಹತ್ತಿರದಿಂದ ಹಿಡಿದರೆ ತೆಳ್ಳನೆಯ ಫಿನ್ನುಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಒಳಗಿನ ಕಟ್ಟು ನಮ್ಮ ಬೋರ್‌ವೆಲ್ ನೀರಿನ ಕೊಡುಗೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ತುಂಬಿದ ಗಡಸು ನೀರು ಬಿಸಿ ನೀರಿನ ಹಂಡೆಯ ತಳದಲ್ಲಿ ಬಿಳಿಯ ಪದರ ಬಿಡುವಂತೆಯೇ ರೇಡಿಯೇಟರಿನ ನಾಳಗಳ ಒಳಗೂ ಬಿಡುತ್ತದೆ. ಇದನ್ನು ಕಾಣಲು ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಎಂಜಿನ್ ಪೂರ್ತಿ ಕಾದ ಮೇಲೆ ರೇಡಿಯೇಟರಿನ ಮೈಯನ್ನು ಸಾಲುಸಾಲಾಗಿ ಅಳೆಯುತ್ತಾ ಹೋದಾಗ ಬಿಸಿ ಕ್ರಮೇಣ ಇಳಿಯಬೇಕು. ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿ ದ್ರವ ಹರಿಯುತ್ತಿಲ್ಲ. ಹೊಳೆಯುವ ಲೋಹ ಈ ಉಪಕರಣಕ್ಕೆ ಸುಳ್ಳು ಹೇಳುತ್ತದೆ, ಅಳೆಯುವ ಜಾಗಕ್ಕೆ ಕರಿಯ ಇನ್ಸುಲೇಷನ್ ಟೇಪಿನ ತುಂಡೊಂದನ್ನು ಅಂಟಿಸಿಕೊಳ್ಳಿ. ಸ್ವಲ್ಪ ಕಟ್ಟಿದ್ದರೆ ಫ್ಲಶಿಂಗ್ ದ್ರವದಿಂದ ತೊಳೆಯಬಹುದು. ಅರ್ಧಕ್ಕರ್ಧ ಮುಚ್ಚಿಹೋದ ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರನ್ನು ಬದಲಿಸುವುದೇ ಮೇಲು.

ಹೆಜ್ಜೆ 6: ಪಂಪು, ಬೆಲ್ಟು

ಪಂಪಿನ ಸೀಲು ಹೋದಾಗ ಕೆಳಗಿನ ಸಣ್ಣ ತೂತಿನಿಂದ ಕೂಲೆಂಟ್ ಜಿನುಗುತ್ತದೆ. ಬೇರಿಂಗ್ ಹೋದಾಗ ಕರಕರ ಸದ್ದು ಬರುತ್ತದೆ, ಎಂಜಿನ್ ಆರಿಸಿ ಪುಲ್ಲಿಯನ್ನು ಹಿಡಿದು ಅಲುಗಿಸಿದರೆ ಸಡಿಲ ಗೊತ್ತಾಗುತ್ತದೆ. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಾದರೆ ಆ ಬೆಲ್ಟು ಬದಲಿಸುವಾಗಲೇ ಪಂಪನ್ನೂ ಬದಲಿಸಿಬಿಡುವುದು ಜಾಣತನ, ಏಕೆಂದರೆ ಬಿಚ್ಚುವ ಕೂಲಿ ಎರಡಕ್ಕೂ ಒಂದೇ.

ಹೆಜ್ಜೆ 7: ಹೆಡ್ ಗ್ಯಾಸ್ಕೆಟ್

ಹೊರಗೆ ಎಲ್ಲೂ ಹನಿಯಿಲ್ಲ, ಆದರೂ ವಾರಕ್ಕೆ ಅರ್ಧ ಲೀಟರ್ ಮಾಯವಾಗುತ್ತಿದೆ ಎಂದಾಗ ಮಾತ್ರ ಇಲ್ಲಿಗೆ ಬರಬೇಕು. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ದ್ರವ ಇನ್ನೂ ಬೆಚ್ಚಗಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಅನಿಲ ಕೂಲೆಂಟಿಗೆ ನುಗ್ಗುತ್ತಿದೆ. ಡಬ್ಬಿಯಲ್ಲಿ ಬಿಡದೆ ಗುಳ್ಳೆಗಳೇಳುವುದು, ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿ ಹೊಗೆ ಬರುವುದು, ಡಿಪ್‌ಸ್ಟಿಕ್ಕಿನ ಆಯಿಲ್ ಕಾಫಿಯ ಬಣ್ಣದ ನೊರೆಯಾಗಿರುವುದು ಇದರ ಇತರ ಲಕ್ಷಣಗಳು. ಚಳಿಗಾಲದ ಬೆಳಗ್ಗೆ ಮೊದಲ ಐದು ನಿಮಿಷ ಬರುವ ಬಿಳಿಯ ಆವಿಯೂ, ಹತ್ತಿರದ ಓಡಾಟಕ್ಕೆ ಮಾತ್ರ ಬಳಸುವ ಕಾರಿನ ಆಯಿಲ್ ಮುಚ್ಚಳದ ಒಳಗಿನ ತುಸು ನೊರೆಯೂ ತೇವದಿಂದ ಆದವು, ಅವಕ್ಕೆ ಹೆದರಿ ಎಂಜಿನ್ ಬಿಚ್ಚಿಸಬೇಡಿ.

ಖಚಿತಪಡಿಸಿಕೊಳ್ಳಲು ಬ್ಲಾಕ್ ಟೆಸ್ಟರ್ ಎಂಬ ಸರಳ ಸಾಧನವಿದೆ. ರೇಡಿಯೇಟರಿನ ಬಾಯಿಯ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಹೀರಿಸಿದಾಗ, ದಹನದ ಅನಿಲದಲ್ಲಿರುವ ಇಂಗಾಲದ ಡೈಆಕ್ಸೈಡ್ ಸಿಕ್ಕರೆ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ. ತಿರುಗಿದರೆ ಹೆಡ್ ಇಳಿಸಲೇಬೇಕು. ಆಗ ಗ್ಯಾಸ್ಕೆಟ್ಟನ್ನು ಮಾತ್ರ ಬದಲಿಸಿ ಮುಚ್ಚಿಕೊಡುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ. ನೇರ ಪಟ್ಟಿಯನ್ನು ಹೆಡ್ಡಿನ ಮೇಲಿಟ್ಟು, ಸಂದಿಯನ್ನು ಅಳೆಯುವ ತೆಳು ಲೋಹದ ಪಟ್ಟಿಗಳಾದ ಫೀಲರ್ ಗೇಜಿನಿಂದ ಅಳೆಸಿ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸೊಟ್ಟವಿದ್ದರೂ ಬಹುತೇಕ ಎಂಜಿನ್ನುಗಳಿಗೆ ಅದು ಅತಿಯಾಯಿತು, ಮಷೀನ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಬೇಕು, ಅಂದರೆ ಮೈಯನ್ನು ಉಜ್ಜಿ ಸಮತಟ್ಟಾಗಿಸಬೇಕು. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ, ಕಂಪನಿ ಹೇಳಿದ ಅನುಕ್ರಮದಲ್ಲಿ ಬಿಗಿಸುತ್ತಾರೆಯೇ ಎಂದು ಎದುರಿಗೆ ನಿಂತು ನೋಡುವುದರಲ್ಲಿ ಸಂಕೋಚ ಬೇಡ.

ಹೆಜ್ಜೆ 8: ಮರಳಿ ತುಂಬಿಸುವುದು

ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ನಾಲ್ಕೈದು ಲೀಟರ್ ಕೂಲೆಂಟ್ ಬೇಕು. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎಂಬುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅರ್ಥವಿಲ್ಲ. ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯದನ್ನೇ ತನ್ನಿ, ಏಕೆಂದರೆ ಹೊಂದದ ಎರಡು ಬಗೆಗಳು ಬೆರೆತರೆ ಗಂಜಿಯಂತೆ ಗಟ್ಟಿಯಾಗುವುದೂ ಉಂಟು. ಬಾಟಲಿಯ ಮೇಲೆ ನೀರು ಬೆರೆಸಿಯೇ ಬಂದಿದೆ ಎಂದಿದ್ದರೆ ಮತ್ತೆ ನೀರು ಸೇರಿಸಬಾರದು. ಕಾನ್ಸಂಟ್ರೇಟ್ ಆದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸೇರಿಸಿ. ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲೆಂಟ್ ಏಕೆ ಎಂದು ಕೇಳುವವರಿಗೆ ಉತ್ತರ ಅದರಲ್ಲಿರುವ ತುಕ್ಕುನಿರೋಧಕ: ಅದಿಲ್ಲದೆ ಅಲ್ಯೂಮಿನಿಯಂ ಒಳಗಿನಿಂದ ತಿನ್ನಲ್ಪಡುತ್ತದೆ.

ತುಂಬಿಸುವಾಗ ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗಿಟ್ಟು, ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ ನಿಧಾನವಾಗಿ ಸುರಿಯಿರಿ. ಸ್ಕ್ರೂವಿನಿಂದ ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿಸಿ. ಮುಚ್ಚಳ ತೆರೆದಿಟ್ಟು ಎಂಜಿನ್ ಸ್ಟಾರ್ಟ್ ಮಾಡಿ, ಹೋಸುಗಳನ್ನು ಹಿಸುಕುತ್ತಾ, ಮಟ್ಟ ಇಳಿದಂತೆಲ್ಲ ತುಂಬಿಸುತ್ತಾ ಹೋಗಿ. ದ್ರವ ಬೆಚ್ಚಗಾಗಿ ಉಬ್ಬತೊಡಗಿದಾಗ ಮುಚ್ಚಳ ಹಾಕಿ ಫ್ಯಾನ್ ಎರಡು ಬಾರಿ ತಿರುಗಿ ನಿಲ್ಲುವವರೆಗೆ ಬಿಡಿ. ಹೀಟರಿನಿಂದ ಒಂದೇ ಸಮನೆ ಬಿಸಿಗಾಳಿ ಬರುತ್ತಿದ್ದರೆ ಗಾಳಿ ಹೊರಬಂದಿದೆ. ಆಗಾಗ ತಣ್ಣಗಾಗುತ್ತಿದ್ದರೆ ಪೂರ್ತಿ ತಣಿಸಿ ಮತ್ತೊಮ್ಮೆ ಮೊದಲಿನಿಂದ ಮಾಡಬೇಕು.

ಮರುದಿನ ಬೆಳಗ್ಗೆ ತಣ್ಣಗಿರುವಾಗ ಡಬ್ಬಿಯ ಮಟ್ಟಕ್ಕೆ ಸರಿಯಾಗಿ ಮಾರ್ಕರಿನಿಂದ ಒಂದು ಗೆರೆ ಎಳೆದಿಡಿ. ಒಳಗುಳಿದ ಗಾಳಿಯಿಂದಾಗಿ ಮೊದಲ ಎರಡು ಮೂರು ದಿನ ಅದು ತುಸು ಇಳಿಯುವುದು ಸಹಜ, ತುಂಬಿಸಿ. ಅದಾದ ಮೇಲೆ ಹದಿನೈದು ದಿನ, ನಡುವೆ ಒಮ್ಮೆಯಾದರೂ ಘಾಟಿ ಹತ್ತಿ ಇಳಿದ ನಂತರವೂ, ಮಟ್ಟ ಆ ಗೆರೆಯಲ್ಲೇ ನಿಂತಿದ್ದರೆ ಕೆಲಸ ಸರಿಯಾಗಿದೆ. ಇಳಿದಿದ್ದರೆ ಮತ್ತೆ ಕಾರಿನ ಕೆಳಗೆ ರಟ್ಟು ಹಾಸಿ ಮೊದಲ ಹೆಜ್ಜೆಗೆ ಮರಳಿ.